ಹೇಗಿದ್ದೀರಿ, ಹಕೀಮಾಕ?

ಮೂಡುಬಿದಿರೆಯಲ್ಲಿ ನಮ್ಮ ಸಾಲಿನ ಅಂಗಡಿಯವರ ಪೈಕಿ ನಾವು ಅಣ್ಣನ ಲೆಕ್ಕದಲ್ಲಿ ಹಕೀಮಾಕ ಎಂದು ಕರೆಯುವ ಅಬ್ದುಲ್ ಹಕೀಂ ಅವರಷ್ಟು ಅನುಮಾನದ ಮನುಷ್ಯ ಇನ್ನೊಬ್ಬರಿಲ್ಲ. ಮದುವೆ, ಮನೆ ಒಕ್ಕಲಿಗೆ ಪಾತ್ರೆ ಬಾಡಿಗೆಗೆ ಕೊಡುವುದು ಅವರ ಕಸುಬು. ಇತ್ತ ಬಂಟ್ವಾಳ, ಅತ್ತ ಬೆಳ್ತಂಗಡಿ ದಾಟಿ ನೆರಿಯದವರೆಗೂ ಅವರ ಕೊಪ್ಪರಿಗೆಗಳು ಪಿಕಪ್ಪಿನಲ್ಲಿ ಹೋಗಿ ಬರುತ್ತವೆ. ಹಿಂದೆ ಬಂದ ಪಾತ್ರೆಯನ್ನು ಅವರು ಹಾಗೇ ಒಳಗಿಡುವುದಿಲ್ಲ. ಅಂಗಡಿಯ ಎದುರು ಮಣೆ ಹಾಕಿ ಕೂತು ಒಂದೊಂದನ್ನೇ ಸೌಟಿನ ಹಿಡಿಯಿಂದ ಬಡಿಯುತ್ತಾರೆ, ಕಿವಿ ಕೊಡುತ್ತಾರೆ, ಮತ್ತೊಮ್ಮೆ ಬಡಿಯುತ್ತಾರೆ. ಎಲ್ಲೋ ಕೂದಲೆಳೆಯಷ್ಟು ಸೀಳಿದ್ದರೆ ಆ ಸ್ವರದಲ್ಲೇ ಅವರಿಗೆ ಗೊತ್ತಾಗುತ್ತದೆ. ಪಾತ್ರೆ ತಂದವನು ನೆಂಟನಾದರೂ ಅಷ್ಟೇ, ನಮ್ಮ ಬಸದಿಯ ಕಾರ್ಯಕ್ರಮಕ್ಕೆ ಒಯ್ದ ನಾನಾದರೂ ಅಷ್ಟೇ. ಪ್ರತಿ ಪಾತ್ರೆಯ ಕಂಠದಲ್ಲೂ ‘ಅ.ಹ.’ ಎಂದು ಕೊರೆಸಿದ್ದಾರೆ. ಚಮಚವನ್ನೂ ಬಿಟ್ಟಿಲ್ಲ.

ನನ್ನದು ಅವರ ಗೋಡೆಗೆ ಗೋಡೆ ತಾಗಿದ ಜೆರಾಕ್ಸ್ ಅಂಗಡಿ. ಹೆಸರು ಕಮಲಾವತಿ. ಊರವರ ಆಧಾರು, ಪಹಣಿ, ಜಾತಕ, ಆಸ್ಪತ್ರೆಯ ಚೀಟಿ, ಮಿಜಾರಿನ ಕಾಲೇಜು ಮಕ್ಕಳ ನೋಟ್ಸು ಎಲ್ಲ ನನ್ನ ಯಂತ್ರದ ಕೆಳಗೆ ಹಾದುಹೋಗಿವೆ. ಹಾದುಹೋಗುವಾಗ ನಾನು ಓದುತ್ತೇನೆ. ಓದುವುದಿಲ್ಲ ಎಂದು ಹೇಳುವ ಜೆರಾಕ್ಸಿನವರನ್ನು ನಂಬಬೇಡಿ.

ಇಷ್ಟು ಅನುಮಾನದ ಹಕೀಮಾಕನ ಬಾಯಿಂದ ಯೋಚನೆಯಿಲ್ಲದೆ ಹೊರಡುತ್ತಿದ್ದ ಮಾತು ಒಂದೇ ಒಂದು. ಬೆಳಿಗ್ಗೆ ಶಟರ್ ಎತ್ತುತ್ತಾ ನಾನು “ಹೇಗಿದ್ದೀರಿ, ಹಕೀಮಾಕ?” ಎಂದರೆ, ನನ್ನ ಮಾತು ಮುಗಿಯುವ ಮೊದಲೇ “ಅಲ್‌ಹಂದುಲಿಲ್ಲಾ” ಎನ್ನುತ್ತಿದ್ದರು. ದೇವರಿಗೆ ಸ್ತುತಿ, ಎಲ್ಲ ಸರಿ ಉಂಟು ಎಂದು ಅರ್ಥ. ಇಲಿಜ್ವರ ಬಂದು ಕಂಬಳಿ ಹೊದ್ದು ನಡುಗುತ್ತಿದ್ದಾಗಲೂ ಅದೇ ಉತ್ತರ. ಅವರ ತಾಯಿಯನ್ನು ದಫನ ಮಾಡಿ ಬಂದ ಮೂರನೆಯ ದಿನವೂ ಅದೇ. ಒಮ್ಮೆ ನಾನು, “ಎಂಥ ಮಾರಾಯ್ರೆ, ಜ್ವರ ಉಂಟಲ್ಲ ನಿಮಗೆ?” ಎಂದು ಕೇಳಿದ್ದೆ. “ಕೊಟ್ಟವನ ಎದುರು ಕೊರತೆ ಹೇಳ್ಲಿಕ್ಕಿಲ್ಲ ಕಮಲಕ್ಕ. ಕೇಳಿದವರಿಗೆ ಸ್ತುತಿ ಹೇಳಬೇಕು, ಕೊರತೆ ಡಾಕ್ಟ್ರಿಗೆ ಹೇಳಬೇಕು” ಎಂದಿದ್ದರು.

ಅಂಥವರು ಆರೋಗ್ಯ ವಿಮೆ ಮಾಡಿಸಿದ್ದೇ ಒಂದು ಸೋಜಿಗ. ಮೊದಲು ಅದರ ಹೆಸರೆತ್ತಿದರೆ ಸಾಕು, ಸೌಟು ಕೆಳಗಿಟ್ಟು ಜಗಳಕ್ಕೆ ಕೂರುತ್ತಿದ್ದರು.

“ನೋಡಿ, ನಾನು ಡಿಪಾಸಿಟ್ ತಕೊಳ್ತೇನೆ. ಪಾತ್ರೆ ಸರಿಯಾಗಿ ಬಂದರೆ ಡಿಪಾಸಿಟ್ ವಾಪಸು. ಇವರು ಎಂಥ ಮಾಡ್ತಾರೆ? ನಾನು ವರ್ಷ ಪೂರ್ತಿ ಸರಿಯಾಗಿದ್ದರೆ ಡಿಪಾಸಿಟ್ ನುಂಗ್ತಾರೆ. ಒಡೆದುಹೋದರೆ ಮಾತ್ರ ಕೊಡ್ತಾರಂತೆ. ಅದೂ ಒಡೆದದ್ದು ಹೌದಾ ಅಲ್ಲವಾ ಅಂತ ಬಡಿದು ನೋಡುವುದು ಅವರೇ.”

ಅವರ ಮಾತಿನಲ್ಲಿ ಸುಳ್ಳೇನಿತ್ತು? ನಮ್ಮಂಥ ಅಂಗಡಿಯವರಿಗೆ ಸರಕಾರಿ ನೌಕರರ ಹಾಗೆ ಇಲಾಖೆಯ ಕಾರ್ಡಿಲ್ಲ, ಕಾರ್ಖಾನೆಯವರ ಹಾಗೆ ಕಂಪೆನಿಯ ಪಾಲಿಲ್ಲ. ಪೂರ್ತಿ ಕಂತು ನಮ್ಮ ಗಲ್ಲಾಪೆಟ್ಟಿಗೆಯಿಂದಲೇ ಹೋಗಬೇಕು. ಅದು ಪ್ರತಿ ವರ್ಷ ಏರುತ್ತದೆ. ಯಾಕೆ ಏರಿತು ಎಂದರೆ ಆಸ್ಪತ್ರೆಯವರು ಏರಿಸಿದರು ಎನ್ನುತ್ತಾರೆ. ಆಸ್ಪತ್ರೆಯವರನ್ನು ಕೇಳಿದರೆ, ಮೊದಲು ಕೇಳುವುದು ‘ಇನ್ಶೂರೆನ್ಸ್ ಉಂಟಾ?’ ಎಂದು. ಉಂಟು ಎಂದರೆ ಒಂದು ಬಿಲ್ಲು, ಇಲ್ಲ ಎಂದರೆ ಇನ್ನೊಂದು ಬಿಲ್ಲು ಎಂಬುದು ನಮ್ಮ ಸಾಲಿನಲ್ಲಿ ಎಲ್ಲರ ಗುಮಾನಿ. ಈಚೆಗೆ ಮನೆಯವರ ಹೆಸರಿನ ಪಾಲಿಸಿಗಳಿಗೆ ತೆರಿಗೆಯೇ ಇಲ್ಲ ಎಂದು ಪೇಪರಿನಲ್ಲಿ ಬಂದಾಗ ನಾನು ಖುಷಿಯಲ್ಲಿ ಆ ತುಂಡನ್ನು ಕತ್ತರಿಸಿ ಗೋಡೆಗೆ ಅಂಟಿಸಿದೆ. ನನ್ನ ಯಜಮಾನರು ಆದಿರಾಜರಿಗೆ ಅದೇ ವರ್ಷ ಅರುವತ್ತು ತುಂಬಿತ್ತು. ನವೀಕರಣದ ಚೀಟಿ ಬಂತು. ತೆರಿಗೆಯ ಜಾಗದಲ್ಲಿ ಸೊನ್ನೆ ಇತ್ತು, ಕೆಳಗಿನ ಮೊತ್ತ ಮಾತ್ರ ಹಿಂದಿನ ವರ್ಷಕ್ಕಿಂತ ದೊಡ್ಡದಿತ್ತು. ಹಕೀಮಾಕ ಬಂದು ಗೋಡೆಯ ತುಂಡನ್ನೂ ಚೀಟಿಯನ್ನೂ ಎರಡೆರಡು ಸಲ ಓದಿ, “ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತಕೊಂಡರು. ಅಂಟಿಸಿದ ಗೋಂದು ದಂಡ” ಎಂದರು.

ಅವರನ್ನು ವಿಮೆಗೆ ಒಪ್ಪಿಸಿದ್ದು ನಾನು. ಅದಕ್ಕೇ ಈ ಕಥೆ ನನ್ನ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ. ಕೊರೋನಾ ಕಳೆದ ಸಮಯ, ಅವರ ಅಣ್ಣ ಮೂಸಾ ಆಸ್ಪತ್ರೆಯ ಖರ್ಚಿಗೆ ಅಂಗಡಿಯನ್ನೇ ಮಾರಿದ್ದರು. ನನ್ನ ತಂಗಿಯ ಮಗ ಅಂಕಿತ್ ಆಗ ತಾನೇ ವಿಮೆ ಏಜೆಂಟನಾಗಿದ್ದ. “ಹುಡುಗ ನಮ್ಮವನೇ, ಮೋಸ ಮಾಡ್ಲಿಕ್ಕಿಲ್ಲ” ಎಂದು ನಾನೇ ಅವನನ್ನು ಪಕ್ಕದ ಅಂಗಡಿಗೆ ಕರೆದುಕೊಂಡು ಹೋದೆ. ಹಕೀಮಾಕ ಅವನಿಂದ ನಾಲ್ಕು ದಿನ ಪ್ರಶ್ನೆಗೆ ಉತ್ತರ ಪಡೆದು, ಐದನೆಯ ದಿನ ಸಹಿ ಹಾಕಿದರು. ತಮಗೂ ಹೆಂಡತಿ ಸಫಿಯಮ್ಮನಿಗೂ ಸೇರಿ ಐದು ಲಕ್ಷದ ಪಾಲಿಸಿ. ನಾಲ್ಕು ವರ್ಷ ಒಂದು ದಿನ ತಪ್ಪದೆ ಕಂತು ಕಟ್ಟಿದರು. ಕಟ್ಟುವಾಗಲೆಲ್ಲ ಬೈಯುತ್ತಿದ್ದರು, ಆ ಮಾತು ಬೇರೆ.

ಕಳೆದ ಮಳೆಗಾಲದಲ್ಲಿ ಸಫಿಯಮ್ಮ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ಮಂಗಳೂರಿನ ಆಸ್ಪತ್ರೆಯಲ್ಲಿ ಎರಡು ಸ್ಟೆಂಟ್ ಹಾಕಿದರು. ವಿಮೆಯವರು ‘ಮೊದಲು ನೀವು ಕಟ್ಟಿ, ಕಾಗದ ನೋಡಿ ಆಮೇಲೆ ಕೊಡುತ್ತೇವೆ’ ಎಂದರು. ಸೌದಿಯಲ್ಲಿರುವ ಮಗ ಅನ್ಸಾಫ್ ಸ್ವಲ್ಪ ಕಳುಹಿಸಿದ. ಉಳಿದ ಎರಡೂವರೆ ಲಕ್ಷಕ್ಕೆ ಹಕೀಮಾಕ ತಂದೆಯ ಕಾಲದ ಆರು ತಾಮ್ರದ ಕೊಪ್ಪರಿಗೆಗಳನ್ನು ಬಂಟ್ವಾಳದ ಬಾವಾನಿಗೆ ಮಾತಿನಲ್ಲಿ ಒತ್ತೆಯಿಟ್ಟರು. ಬಾವಾನದೂ ಪಾತ್ರೆ ಬಾಡಿಗೆಯೇ. ಡಿಸೆಂಬರ್ ಮುಗಿಯುವುದರೊಳಗೆ ವಿಮೆಯ ಹಣ ಬಂದರೆ ಕೊಟ್ಟು ಬಿಡಿಸಿಕೊಳ್ಳುವುದು, ಬಾರದಿದ್ದರೆ ಬಾವಾ ಒಯ್ಯುವುದು. ಆ ಆರು ಹೋದರೆ ಸಾವಿರ ಜನರ ಬಿರಿಯಾನಿಯ ಮದುವೆಗಳು ಹೋದ ಹಾಗೆ. ಮತ್ತೆ ಉಳಿಯುವುದು ನಾಮಕರಣಕ್ಕೆ ಒಯ್ಯುವ ಸ್ಟೀಲು ಲೋಟ ಮಾತ್ರ.

ಸೆಪ್ಟೆಂಬರಿನಲ್ಲಿ ವಿಮೆಯವರ ಕಾಗದ ಬಂತು. ಹಕೀಮಾಕ ಜೆರಾಕ್ಸಿಗೆ ಎಂದು ತಂದರು. ನಾನು ಎಂದಿನಂತೆ ಓದಿದೆ. ಆಸ್ಪತ್ರೆಯ ದಾಖಲೆಯಲ್ಲಿ ‘ಎಂಟು ವರ್ಷದಿಂದ ಸಕ್ಕರೆ ಕಾಯಿಲೆ’ ಎಂದಿದೆ, ಪಾಲಿಸಿ ಮಾಡುವಾಗ ‘ಯಾವ ಕಾಯಿಲೆಯೂ ಇಲ್ಲ’ ಎಂದು ತಿಳಿಸಿದ್ದೀರಿ, ಆದುದರಿಂದ ಹಣ ಕೊಡಲಾಗದು. ತಲೆ ಎತ್ತಿದರೆ ಹಕೀಮಾಕ ನನ್ನನ್ನೇ ನೋಡುತ್ತಿದ್ದರು. ಒಡಕಿನ ಸ್ವರ ಕೇಳಿದಾಗ ಪಾತ್ರೆಯನ್ನು ನೋಡುವ ನೋಟ ಅದು.

“ಬರೆದದ್ದು ನಿಮ್ಮ ಹುಡುಗ” ಎಂದರು.

ನನಗೆ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಹೆದರಿಕೆಯೂ ಇತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಂಕಿತನ ಹೊಸ ಬೈಕು ನೆನಪಾಯಿತು. ಕಾಯಿಲೆ ಇದೆ ಎಂದು ಬರೆದರೆ ಕಂತು ಹೆಚ್ಚಾಗುತ್ತದೆ, ಗಿರಾಕಿ ಓಡುತ್ತಾನೆ. ಇಲ್ಲ ಎಂದು ಬರೆದರೆ ಕಮಿಷನ್ ಕೈಗೆ ಬರುತ್ತದೆ. ಸಂಜೆ ಅವನನ್ನು ಅಂಗಡಿಗೆ ಕರೆಸಿದೆ.

“ದೊಡ್ಡಮ್ಮ, ನಾನು ಕೇಳಿದ್ದೇನೆ. ಏನೂ ಇಲ್ಲ ಅಂತ ಅವರೇ ಹೇಳಿದ್ದು. ಅದರ ಮೇಲೆ ಕಂಪೆನಿಯವರೂ ಫೋನ್ ಮಾಡಿ ಕೇಳಿದ್ದಾರೆ. ನನ್ನ ಮೇಲೆ ಆಣೆ ಬೇಕಾದರೆ ಹಾಕ್ತೇನೆ.”

“ಆಣೆ ಹಾಕುವವರನ್ನು ನಾನು ತುಂಬ ನೋಡಿದ್ದೇನೆ” ಎಂದೆ. ಅವನ ಮುಖ ಸಣ್ಣದಾಯಿತು. ನಾನು ಕರಗಲಿಲ್ಲ.

ಮರುದಿನ ಹಕೀಮಾಕನಿಗೆ ಫೋನಿನ ವಿಷಯ ಹೇಳಿದರೆ ಅವರು ನಕ್ಕರು. ಒಳ್ಳೆಯ ನಗು ಅಲ್ಲ. “ಫೋನಿನಲ್ಲಿ ಕೇಳಿದವರಿಗೆ ನಾನು ನನ್ನ ಅಜ್ಜನ ಹೆಸರು ಸಹ ಹೇಳುವವನಲ್ಲ. ಹೆಂಡತಿಯ ಕಾಯಿಲೆಯ ಬಗ್ಗೆ ಮಾತಾಡಿದೆನಂತಾ? ಯಾವ ಫೋನು? ಯಾವಾಗ?” ಎಂದರು. ಆ ದಿನದಿಂದ ನನ್ನ ಅಂಗಡಿಗೆ ಬರುವುದನ್ನೇ ಬಿಟ್ಟರು. ಗೋಡೆ ತಾಗಿದ ಅಂಗಡಿಯನ್ನು ಬಿಟ್ಟು, ರಸ್ತೆ ದಾಟಿ, ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಮಾಡಿಸಿದರು. ಅಲ್ಲಿ ಪ್ರತಿಗೆ ಒಂದು ರೂಪಾಯಿ ಹೆಚ್ಚು. ಇಪ್ಪತ್ತೆರಡು ವರ್ಷದ ನೆರೆಹೊರೆಗೆ ಅಷ್ಟು ದಂಡ ಕಟ್ಟಿ ನನ್ನನ್ನು ಅವಮಾನ ಮಾಡಿದರಲ್ಲ ಎಂದು ನಾನು ಎರಡು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಇನ್ನೊಂದು ಹುಳ ತಲೆಗೆ ಹೊಕ್ಕಿತು. ವ್ಯಾಪಾರಿ ಮನುಷ್ಯ, ಕಂತು ಕಡಿಮೆಯಾಗಲಿ ಎಂದು ಬೇಕೆಂದೇ ಮುಚ್ಚಿಟ್ಟಿರಬಹುದಲ್ಲ? ಈಗ ಹುಡುಗನ ತಲೆಗೆ ಕಟ್ಟುತ್ತಿರಬಹುದಲ್ಲ? ಹೀಗೆ ಒಂದು ಗೋಡೆಯ ಎರಡು ಬದಿಯಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಬಡಿದು ನೋಡುತ್ತಾ ಕೂತೆವು.

ಕಟ್ಟು ಬಿಡಿಸಿದ್ದು ಸಫಿಯಮ್ಮ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಪೇಟೆಗೆ ಇಳಿದವರು ಸೀದಾ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಹಿಂದೆಯೇ ಗಂಡನನ್ನೂ ಕರೆದರು.

“ನಿಮ್ಮ ನಿಮ್ಮ ಜಗಳದಲ್ಲಿ ನನ್ನ ಕೊಪ್ಪರಿಗೆ ಹೋಗ್ತದೆ. ಫೋನ್ ಮಾಡಿದ್ದೇವೆ ಅಂತ ಹೇಳ್ತಾರಲ್ಲ? ಅದರ ರೆಕಾರ್ಡ್ ಕಳುಹಿಸಲಿ. ಕೇಳುವ. ಸುಳ್ಳು ಯಾರದ್ದು ಅಂತ ಗೊತ್ತಾಗಲಿ” ಎಂದರು.

ಅಂಕಿತನೇ ಪತ್ರ ಬರೆದ. ಅವನಿಗೂ ತನ್ನ ಮರ್ಯಾದೆ ಬೇಕಿತ್ತು. ಹಕೀಮಾಕನಿಗೆ ಇಮೇಲ್ ಇಲ್ಲದ್ದರಿಂದ ಉತ್ತರಕ್ಕೆ ನನ್ನ ಅಂಗಡಿಯ ವಿಳಾಸ ಕೊಟ್ಟೆವು. ಕೊಡುವಾಗ ಹಕೀಮಾಕ, “ಬಂದದ್ದನ್ನು ನಾನು ಬರುವ ಮೊದಲು ತೆರೆಯಬೇಡಿ” ಎಂದರು. ಹಾಗೆ ಹೇಳಿದ್ದು ನೋವಾಯಿತು. ಹೇಳದಿದ್ದರೆ ತೆರೆಯುತ್ತಿದ್ದೆ ಎಂಬುದೂ ನಿಜ.

ನವೆಂಬರ್ ಹತ್ತರ ಸುಮಾರಿಗೆ ಅದು ಬಂತು. ನಾಲ್ವರೂ ಕಂಪ್ಯೂಟರಿನ ಎದುರು ಕೂತೆವು. ಮೊದಲು ಒಂದು ಹುಡುಗಿಯ ಸ್ವರ, ಬೆಂಗಳೂರಿನ ಕನ್ನಡ.

“ಸರ್, ಈ ಕಾಲ್ ರೆಕಾರ್ಡ್ ಆಗ್ತಿದೆ. ನಿಮ್ ಮಿಸೆಸ್‌ಗೆ ಶುಗರ್, ಬಿಪಿ, ಹಾರ್ಟ್ ಪ್ರಾಬ್ಲಂ ಆ ಥರ ಏನಾದ್ರೂ ಇದ್ಯಾ ಸರ್? ಹೆಲ್ತ್ ಹೇಗಿದೆ?”

ಹಿಂದೆ ಟಣ್ ಟಣ್ ಎಂದು ಪಾತ್ರೆ ಬಡಿಯುವ ಶಬ್ದ. ಯಾರೋ ಗಿರಾಕಿಗಳು ಮಾತಾಡುವ ಗಲಾಟೆ. ನಡುವೆ ಆ ಸ್ವರ ಬಂತು. ಅನುಮಾನಕ್ಕೆ ಎಡೆಯೇ ಇಲ್ಲದ ಸ್ವರ.

“ಅಲ್‌ಹಂದುಲಿಲ್ಲಾ. ಏನೂ ಇಲ್ಲ. ದೇವರು ಒಳ್ಳೆದಾಗಿ ಇಟ್ಟಿದ್ದಾನೆ.”

“ಹಾಗಾದ್ರೆ ನೋ ಅಂತ ಹಾಕ್ಲಾ ಸರ್?”

“ಹಾಕಿ, ಹಾಕಿ.”

ಅಂಕಿತ್ ಉಸಿರು ಬಿಟ್ಟ. ನಾನು ಅವನ ಕಡೆ ನೋಡಲಾರದೆ ಕೀಬೋರ್ಡ್ ನೋಡಿದೆ. ಹಕೀಮಾಕ ಅಲುಗಾಡಲಿಲ್ಲ. ಊರವರ ಪಾತ್ರೆಯನ್ನೆಲ್ಲ ಬಡಿದು ನೋಡಿದ ಮನುಷ್ಯ ತಮ್ಮದೇ ಸ್ವರವನ್ನು ತಲೆ ಬಗ್ಗಿಸಿ ಕೇಳುತ್ತಿದ್ದರು. ಬೇಕೆಂದು ಮುಚ್ಚಿಟ್ಟ ಸ್ವರ ಅದಲ್ಲ ಎಂದು ನನಗೆ ಆ ಕ್ಷಣಕ್ಕೆ ಗೊತ್ತಾಯಿತು. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಕೇಳಿದವಳಿಗೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ? ನನ್ನ ಮೇಲೆ ನನಗೇ ನಾಚಿಕೆಯಾಯಿತು.

“ಹೇಗಿದ್ದಾಳೆ ಅಂತ ಕೇಳಿದರೆ ಮತ್ತೆಂಥ ಹೇಳುವುದು? ನನ್ನನ್ನು ಕೇಳಿದರೂ ನಾನು ಅದನ್ನೇ ಹೇಳ್ತಿದ್ದೆ” ಎಂದರು ಸಫಿಯಮ್ಮ ಮೆಲ್ಲಗೆ.

ರೆಕಾರ್ಡ್ ಇನ್ನೂ ಮುಗಿದಿರಲಿಲ್ಲ. ಹುಡುಗಿ ಪಿನ್‌ಕೋಡ್ ಕೇಳುತ್ತಿದ್ದಳು. ಆಗ ಹಿಂದಿನಿಂದ, ದೂರದಿಂದ, ಒಬ್ಬ ಹೆಂಗಸು ತುಳುವಿನಲ್ಲಿ ಕೂಗಿದಳು.

“ಹಕೀಮಾಕ, ಸಫಿಯಮ್ಮನ ಶುಗರ್‌ದ ಚೀಟಿ ಮುಲ್ಪನೇ ಉಂಡು.”

“ಉಪ್ಪಡ್ ಕಮಲಕ್ಕ, ಬರ್ಪೆ.”

ಶುಗರಿನ ಚೀಟಿ ಇಲ್ಲೇ ಉಂಟು ಎಂದು ಕೂಗಿದವಳು ನಾನು. ಇರಲಿ, ಬರುತ್ತೇನೆ ಎಂದವರು ಅವರು. ಜೆರಾಕ್ಸಿಗೆ ಕೊಟ್ಟು ಮರೆತುಹೋದ ರಿಪೋರ್ಟು ಅದು. ಕೂಗಿದ್ದು ನನಗೆ ನೆನಪೇ ಇರಲಿಲ್ಲ. ಅಂಥ ಕೂಗು ದಿನಕ್ಕೆ ಹತ್ತು.

ನಾನು ಎದ್ದು ನಿಂತೆ. “ನೋಡಿ, ಅವರ ರೆಕಾರ್ಡಿನಲ್ಲೇ ಉಂಟಲ್ಲ ಶುಗರಿನ ಮಾತು. ಅವರ ಕಿವಿಗೆ ಬಿದ್ದಿದೆ. ಮುಚ್ಚಿಟ್ಟದ್ದಾದರೆ ಹೀಗೆ ಎಲ್ಲರ ಎದುರು ಕೂಗುತ್ತಿದ್ದೆವಾ? ಇದನ್ನು ಬರೆದು ಕಳುಹಿಸುವ” ಎಂದೆ.

ಹಕೀಮಾಕ, “ಬೇಡ ಕಮಲಕ್ಕ. ಅವರು ಕೇಳದ್ದನ್ನು ನಾವಾಗಿ ಹೇಳ್ಲಿಕ್ಕೆ ಹೋಗುವುದು ಬೇಡ. ಅದರಿಂದ ಎಂಥ ತೆಗೀತಾರೆ ಅಂತ ಗೊತ್ತಿಲ್ಲ” ಎಂದರು.

“ವಕೀಲರ ಹತ್ತಿರ ಒಮ್ಮೆ ಕೇಳುವ ದೊಡ್ಡಮ್ಮ” ಎಂದ ಅಂಕಿತ್.

ನಾನು ಇಬ್ಬರ ಮಾತನ್ನೂ ಕೇಳಲಿಲ್ಲ. ಡಿಸೆಂಬರ್ ಹತ್ತಿರ ಬಂದಿತ್ತು. ಮೇಲಾಗಿ ನನ್ನ ಸ್ವರವೇ ಸಾಕ್ಷಿಯಾಗಿ ಸಿಕ್ಕಿದೆ ಎಂಬ ಉಬ್ಬು ಬೇರೆ. ಎಲ್ಲದಕ್ಕೂ ಅನುಮಾನ ಪಟ್ಟರೆ ಹೇಗೆ ಮಾರಾಯ್ರೆ, ಒಮ್ಮೆಯಾದರೂ ನಂಬಿ ನೋಡಿ ಎಂದು ಹಟ ಹಿಡಿದೆ. ಹಕೀಮಾಕ ಹೆಂಡತಿಯ ಮುಖ ನೋಡಿದರು, ನನ್ನ ಮುಖ ನೋಡಿದರು.

“ನೀವು ಹೇಳಿದ ಮೇಲೆ ಆಯಿತು” ಎಂದರು.

ನಾನೇ ಬರೆದೆ. ನಾಲ್ಕು ನಿಮಿಷ ಹನ್ನೆರಡನೆಯ ಸೆಕೆಂಡಿನಲ್ಲಿ ಕೇಳುವ ತುಳು ಮಾತಿನ ಅರ್ಥ ಹೀಗೆ ಎಂದು ಅಚ್ಚುಕಟ್ಟಾಗಿ ಕನ್ನಡದಲ್ಲಿ ಬಿಡಿಸಿ, ಅಂಕಿತನ ಕೈಯಿಂದ ಇಂಗ್ಲಿಷಿಗೂ ಮಾಡಿಸಿ, ಕೂಗಿದವಳು ನಾನೇ ಎಂದು ಸಹಿ ಹಾಕಿ, ನನ್ನ ಆಧಾರಿನ ಪ್ರತಿಯನ್ನೂ ಲಗತ್ತಿಸಿ ಕಳುಹಿಸಿದೆ. ಇಷ್ಟು ಚೆಂದದ ಪತ್ರ ನನ್ನ ಜನ್ಮದಲ್ಲಿ ಬರೆದಿರಲಿಲ್ಲ.

ಉತ್ತರ ಹದಿನೆಂಟು ದಿನಕ್ಕೆ ಬಂತು. ಈ ಸಲ ತೆರೆಯಬೇಡಿ ಎಂದು ಯಾರೂ ಹೇಳಿರಲಿಲ್ಲ, ನಾನೇ ತೆರೆದೆ. ‘ತಾವು ಒದಗಿಸಿದ ಅನುವಾದಕ್ಕೆ ಧನ್ಯವಾದಗಳು’ ಎಂದು ಆರಂಭ. ಅದರ ಪ್ರಕಾರ, ಯಾವ ಕಾಯಿಲೆಯೂ ಇಲ್ಲ ಎಂದು ಹೇಳಿದ ಅದೇ ಕರೆಯಲ್ಲಿ, ಹೆಂಡತಿಗೆ ಸಕ್ಕರೆ ಕಾಯಿಲೆ ಇರುವುದು ಪಾಲಿಸಿದಾರರಿಗೆ ಗೊತ್ತಿತ್ತೆಂದು ಸಾಬೀತಾಗಿದೆಯಂತೆ. ಗೊತ್ತಿದ್ದೂ ಮರೆಮಾಚಿದ್ದಾರಂತೆ. ಹಿಂದಿನ ಕಾಗದದಲ್ಲಿ ‘ತಿಳಿಸಿಲ್ಲ’ ಎಂದಿದ್ದ ಜಾಗದಲ್ಲಿ ಈಗ ‘ವಂಚನೆ’ ಎಂಬ ಮಾತಿತ್ತು. ಪಾಲಿಸಿಯೂ ರದ್ದು.

ವಿಮೆಯವರಿಗೆ ತುಳು ಬರುತ್ತಿರಲಿಲ್ಲ. ನಾಲ್ಕು ವರ್ಷ ಆ ಮಾತು ಅವರ ಬಳಿಯೇ ಅರ್ಥವಾಗದೆ ಬಿದ್ದಿತ್ತು. ಬಿಡಿಸಿ ಕೊಟ್ಟದ್ದು ನಾನು.

ಅಂಕಿತ್ ಇನ್ನೂ ಒಂದು ಮಾತು ಹೇಳಿದ. ಶುಗರ್ ಉಂಟು ಎಂದು ಮೊದಲೇ ಹೇಳಿದ್ದರೆ ಕಂತು ಸ್ವಲ್ಪ ಹೆಚ್ಚಾಗುತ್ತಿತ್ತು, ಆ ಕಾಯಿಲೆಯ ಖರ್ಚು ಸಿಗಲು ಮೂರು ವರ್ಷ ಕಾಯಬೇಕಿತ್ತು. ನಾಲ್ಕನೆಯ ವರ್ಷದ ಈ ಸ್ಟೆಂಟಿಗೆ ಹಣ ಬರುತ್ತಿತ್ತು. ಐದು ವರ್ಷ ತುಂಬಿದ ಪಾಲಿಸಿಯಾದರೆ, ವಂಚನೆ ಎಂದು ತೋರಿಸದ ಹೊರತು ಹೀಗೆ ತಕರಾರು ತೆಗೆಯುವ ಹಾಗೂ ಇಲ್ಲವಂತೆ. ಈ ನಿಯಮಗಳೆಲ್ಲ ನಮ್ಮ ಒಳ್ಳೆಯದಕ್ಕೇ ತಂದದ್ದಂತೆ. ಇರಬಹುದು. ನಮ್ಮ ಸಾಲಿನ ಹನ್ನೊಂದು ಅಂಗಡಿಯಲ್ಲಿ ಒಬ್ಬರಿಗಾದರೂ ಅದು ಮೊದಲೇ ಗೊತ್ತಿರಲಿಲ್ಲ. ಒಳ್ಳೆಯದನ್ನು ಮಾತ್ರ ಯಾಕೆ ಇಷ್ಟು ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ ಎಂಬುದು ನನ್ನ ಪ್ರಶ್ನೆ. ಬೆಂಗಳೂರಿನ ವಿಮಾ ಲೋಕಪಾಲರಿಗೆ ಅರ್ಜಿ ಹಾಕಿದ್ದೇವೆ, ಈ ಸಲ ವಕೀಲರಿಗೆ ತೋರಿಸಿಯೇ. ತಾರೀಕು ಬಂದಿಲ್ಲ.

ಕಾಗದ ಓದಿ ಹೇಳಿದ ದಿನ ಹಕೀಮಾಕ ನನಗೆ ಒಂದೂ ಕೆಟ್ಟ ಮಾತಾಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ವರ್ಷದ ಕೊನೆಯ ಬುಧವಾರ ಬಾವಾ ಲಾರಿ ತಂದ. ಕೊಪ್ಪರಿಗೆಗಳನ್ನು ಹೊರಗೆ ಸಾಲಾಗಿ ಇಟ್ಟಿದ್ದರು. “ನಿಮ್ಮ ಪಾತ್ರೆ ಬಡಿದು ನೋಡ್ಲಿಕ್ಕೆ ಉಂಟಾ ಹಕೀಮಾಕ? ಸರಿ ಉಂಟಲ್ಲ ಎಲ್ಲ?” ಎಂದು ಬಾವಾ ಮರ್ಯಾದೆಗೆ ಕೇಳಿದ. ಹಕೀಮಾಕ ಎದ್ದು ಹೋಗಿ ನಾಲ್ಕನೆಯದನ್ನು ಬೋರಲು ಹಾಕಿದರು. ತಳದಲ್ಲಿ ಬೆರಳುದ್ದ ಬೆಸುಗೆ. “ಇದು ಒಡೆದದ್ದುಂಟು. ಮುಂಡಾಜೆಯ ಮದುವೆಯಲ್ಲಿ. ಹದಿನಾಲ್ಕು ವರ್ಷ ಆಯಿತು. ಬರೆದುಕೊಳ್ಳಿ” ಎಂದರು. ಬಾವಾನಿಗೆ ಬರೆದುಕೊಳ್ಳಲು ಏನೂ ಇರಲಿಲ್ಲ. ಇವರು ಬಿಡಲಿಲ್ಲ. ನನ್ನಿಂದ ಒಂದು ಹಾಳೆ ತರಿಸಿ, ಬರೆಸಿ, ಅವನ ಸಹಿ ಹಾಕಿಸಿ, ಜೆರಾಕ್ಸ್ ಮಾಡಿಸಿ ಒಂದು ಪ್ರತಿ ಇಟ್ಟುಕೊಂಡರು. ಮೂರು ತಿಂಗಳ ಮೇಲೆ ನನ್ನ ಯಂತ್ರಕ್ಕೆ ಬಂದ ಅವರ ಮೊದಲ ಕಾಗದ ಅದು.

ಲಾರಿ ಹೋದ ಮೇಲೆ ಅವರ ಅಂಗಡಿ ಬೋಳಾಗಿ ಕಂಡಿತು. ಮರುದಿನ ಬೆಳಿಗ್ಗೆ ನಾನು ಶಟರ್ ಎತ್ತಿದೆ. ಅವರು ಮಣೆಯ ಮೇಲೆ ಕೂತು ಸ್ಟೀಲು ಲೋಟ ಒರೆಸುತ್ತಿದ್ದರು. ಕ್ಷಮೆ ಕೇಳಬೇಕೆಂದು ಎದೆಯಲ್ಲಿತ್ತು, ಬಾಯಿಗೆ ಬಂದದ್ದು ಹಳೆಯ ಮಾತು.

“ಹೇಗಿದ್ದೀರಿ, ಹಕೀಮಾಕ?”

ಅವರ ತುಟಿ ಅಲುಗಿತು, ನಿಂತಿತು. ನನ್ನ ಕೈಯಲ್ಲಿದ್ದ ಫೋನನ್ನು ನೋಡಿದರು. ಕೈಯ ಲೋಟವನ್ನು ಕೆಳಗಿಟ್ಟರು.

“ಯಾಕೆ ಕೇಳ್ತೀರಿ?” ಎಂದರು.